ಪಠ್ಯ ಅದೇ ಇರಲಿ, ತರಗತಿಯ ಪ್ರಶ್ನೆ ಬದಲಾಗಲಿ

ಪ್ರಶ್ನೆ: ನಾನು ಗ್ರಾಮಾಂತರ ಪ್ರದೇಶದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ವಿಜ್ಞಾನ ಬೋಧಿಸುತ್ತೇನೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳಲ್ಲಿ ತಲಾ ಅರವತ್ತರ ಆಸುಪಾಸು ಮಕ್ಕಳಿದ್ದಾರೆ. ತರಬೇತಿಗೆ ಹೋದಲ್ಲೆಲ್ಲ ವಿಮರ್ಶಾತ್ಮಕ ಚಿಂತನೆ, ಸೃಜನಶೀಲತೆ, ಡಿಜಿಟಲ್ ಕೌಶಲ ಎಂಬ ಮಾತುಗಳನ್ನು ಕೇಳುತ್ತೇವೆ. ಶಾಲೆಗೆ ಮರಳಿದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಲೆಕ್ಕ ಕಾದಿರುತ್ತದೆ. ಮಕ್ಕಳು ಪ್ರಾಜೆಕ್ಟ್ ಬರೆಯಲು ಈಗ ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯನ್ನು ಕೇಳುತ್ತಾರೆ. ಮುಂದಿನ ಉದ್ಯೋಗಕ್ಕೂ ಬದುಕಿಗೂ ಇವರನ್ನು ಸಿದ್ಧಗೊಳಿಸಲು ನನ್ನ ಬೋಧನೆಯಲ್ಲಿ ನಿಜವಾಗಿ ಏನನ್ನು ಬದಲಿಸಿಕೊಳ್ಳಬೇಕು?
— ಒಬ್ಬ ಪ್ರೌಢಶಾಲಾ ಶಿಕ್ಷಕಿ

ಉತ್ತರ: ನೀವು ಹೊಸ ವಿಷಯವನ್ನೋ ಹೊಸ ಉಪಕರಣವನ್ನೋ ತರಗತಿಗೆ ಸೇರಿಸಬೇಕಾಗಿಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಈಗಿರುವ ಪಠ್ಯಪುಸ್ತಕ, ಈಗಿರುವ ನಲವತ್ತು ನಿಮಿಷದ ಪೀರಿಯಡ್, ಈಗಿರುವ ಅರವತ್ತು ಮಕ್ಕಳು, ಇಷ್ಟನ್ನೇ ಇಟ್ಟುಕೊಂಡು ಆ ನಲವತ್ತು ನಿಮಿಷಗಳಲ್ಲಿ ಮಕ್ಕಳು ಏನು ಮಾಡುತ್ತಾರೆ ಎಂಬುದನ್ನು ಬದಲಿಸಬೇಕು. ಅದಕ್ಕೆ ಶಿಕ್ಷಕರ ಕೈಯಲ್ಲಿರುವ ಅತ್ಯಂತ ಅಗ್ಗದ ಹಾಗೂ ಬಲವಾದ ಸಾಧನ ಅವರು ಕೇಳುವ ಪ್ರಶ್ನೆ. ಉತ್ತರವು ಪುಸ್ತಕದ ಇಂಥ ಪುಟದಲ್ಲಿದೆ ಎಂದು ಮೊದಲೇ ಗೊತ್ತಿರುವ ಪ್ರಶ್ನೆಗೆ ಮಗು ನೆನಪಿನಿಂದ ಉತ್ತರಿಸುತ್ತದೆ. ಎರಡು ಉತ್ತರಗಳಲ್ಲಿ ಯಾವುದು ಸರಿ, ಏಕೆ ಸರಿ, ತಪ್ಪು ಹೇಳಿದ ಗೆಳತಿಗೆ ಅದನ್ನು ಹೇಗೆ ಮನವರಿಕೆ ಮಾಡಿಕೊಡುವೆ ಎಂದು ಕೇಳಿದಾಗ ಅದೇ ಮಗು ತೂಗಿ ನೋಡಬೇಕಾಗುತ್ತದೆ. ತರಬೇತಿಗಳಲ್ಲಿ ದೊಡ್ಡ ದೊಡ್ಡ ಹೆಸರಿನಿಂದ ಕರೆಯುವ ಕೌಶಲಗಳ ಬಹುಪಾಲು ಈ ತೂಗಿ ನೋಡುವ ಅಭ್ಯಾಸದಲ್ಲೇ ಅಡಗಿದೆ.

ನಿಮ್ಮ ಮಕ್ಕಳು ಮುಂದೆ ಎಲ್ಲಿ ಕೆಲಸ ಮಾಡುತ್ತಾರೆ ಎಂದು ಯೋಚಿಸಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಎಲ್ಲರೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗುವುದಿಲ್ಲ. ಒಬ್ಬಳು ನರ್ಸಿಂಗ್ ಓದುತ್ತಾಳೆ, ಒಬ್ಬ ಔಷಧಿ ಅಂಗಡಿಯಲ್ಲಿ ನಿಲ್ಲುತ್ತಾನೆ, ಮತ್ತೊಬ್ಬ ಐಟಿಐ ಮುಗಿಸಿ ಸೋಲಾರ್ ಪಂಪ್‌ಸೆಟ್ ಅಳವಡಿಸುತ್ತಾನೆ, ಇನ್ನೊಬ್ಬಳು ಊರಿನಲ್ಲೇ ಉಳಿದು ಹೈನುಗಾರಿಕೆ ನಡೆಸುತ್ತಾಳೆ. ಈ ಎಲ್ಲ ಕೆಲಸಗಳಲ್ಲೂ ಹಿಂದೆಂದೂ ಕಾಣದ ಒಂದು ಬರಹವನ್ನು ಓದಿ ಅರ್ಥಮಾಡಿಕೊಳ್ಳುವುದು, ಅದರಲ್ಲಿ ಯಾವುದು ತನಗೆ ಅನ್ವಯಿಸುತ್ತದೆ ಎಂದು ತೀರ್ಮಾನಿಸುವುದು, ತಿಳಿದದ್ದನ್ನು ಮತ್ತೊಬ್ಬರಿಗೆ ಬಿಡಿಸಿ ಹೇಳುವುದು, ತಿಳಿಯದಿದ್ದರೆ ನಾಚಿಕೊಳ್ಳದೆ ಕೇಳುವುದು ಬೇಕಾಗುತ್ತದೆ. ಹದಿನೈದು ವರ್ಷದ ವಿದ್ಯಾರ್ಥಿಗಳಿಗೆ ನಡೆಯುವ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಯು ಅಳೆಯುವುದೂ ಹೆಚ್ಚುಕಡಿಮೆ ಇದನ್ನೇ. ಅದರ 2009ರ ಸುತ್ತಿನಲ್ಲಿ ಭಾರತದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು ಪಾಲ್ಗೊಂಡು ಪಟ್ಟಿಯ ತಳದಲ್ಲಿ ನಿಂತವು. ಎರಡೂ ನಮ್ಮ ದೇಶದಲ್ಲಿ ಶಾಲಾ ಶಿಕ್ಷಣಕ್ಕೆ ಹೆಸರಾದ ರಾಜ್ಯಗಳು. ಅಲ್ಲಿನ ಮಕ್ಕಳಿಗೆ ಪಠ್ಯದ ಹೊರಗಿನ ಬರಹವನ್ನು ಬಳಸಿ ಯೋಚಿಸುವ ರೂಢಿ ಇರಲಿಲ್ಲವೆಂದೇ ನಾನು ಆ ಫಲಿತಾಂಶವನ್ನು ಓದಿಕೊಂಡಿದ್ದೇನೆ.

ಆದರೆ ಇದಕ್ಕೂ ಮೊದಲು ನೋಡಬೇಕಾದ ಒಂದು ಸಂಗತಿಯಿದೆ; ತರಬೇತಿಗಳಲ್ಲಿ ಇದರ ಬಗ್ಗೆ ಸಾಕಷ್ಟು ಮಾತಾಡುವುದಿಲ್ಲ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಮಕ್ಕಳ ಕಲಿಕೆಯನ್ನು ಅಳೆಯಲು ಗ್ರಾಮೀಣ ಭಾರತದಲ್ಲಿ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಗಳ ಪ್ರಕಾರ, ಎಂಟನೆಯ ತರಗತಿಯ ಹತ್ತು ಮಕ್ಕಳಲ್ಲಿ ಸುಮಾರು ಮೂವರು ಎರಡನೆಯ ತರಗತಿಯ ಮಟ್ಟದ ಪಠ್ಯವನ್ನೂ ಸರಾಗವಾಗಿ ಓದಲಾರರು. ಹದಿನಾಲ್ಕರಿಂದ ಹದಿನೆಂಟು ವಯಸ್ಸಿನವರನ್ನು ಕುರಿತ 2023ರ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದು ಅದನ್ನು ಬಳಸಲು ಅವರಿಗೆ ಬರುತ್ತಿತ್ತು. ಅದೇ ಗುಂಪಿನ ಕಾಲುಭಾಗದಷ್ಟು ಮಂದಿ ತಮ್ಮದೇ ಭಾಷೆಯ ಎರಡನೆಯ ತರಗತಿಯ ಪಠ್ಯದಲ್ಲಿ ತಡವರಿಸಿದರು. ನಿಮ್ಮ ಅರವತ್ತರಲ್ಲಿ ಇಂಥವರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಜೂನ್ ತಿಂಗಳಲ್ಲೇ, ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ವಿಜ್ಞಾನ ಪುಸ್ತಕದ ಒಂದು ಪರಿಚ್ಛೇದವನ್ನು ಓದಿಸಿ ತಿಳಿದುಕೊಳ್ಳಿ. ಓದಲು ಬಾರದ ಮಗುವಿಗೆ ಪ್ರಾಜೆಕ್ಟ್ ಕೊಡುವುದೂ ಸ್ಮಾರ್ಟ್ ಬೋರ್ಡ್ ತೋರಿಸುವುದೂ ಅದಕ್ಕೆ ಮಾಡುವ ಅವಮಾನವೇ ಸರಿ. ಅಂಥವರಿಗೆ ದಿನಕ್ಕೆ ಅರ್ಧ ಗಂಟೆ, ವಯಸ್ಸಿಗೆ ತಕ್ಕ ಆದರೆ ಸರಳವಾದ ಕನ್ನಡ ಬರಹಗಳನ್ನು, ಪತ್ರಿಕೆಯ ಸಣ್ಣ ಸುದ್ದಿಯನ್ನೋ ಬಸ್ ವೇಳಾಪಟ್ಟಿಯನ್ನೋ ಕೈಗಿತ್ತು ಓದಿಸುವ ವ್ಯವಸ್ಥೆಯನ್ನು ಕನ್ನಡ ಶಿಕ್ಷಕರೊಡನೆ ಸೇರಿ ಮಾಡಿಕೊಳ್ಳಿ. ವಿಜ್ಞಾನಿ ಯಶ್ ಪಾಲ್ ಅವರ ಅಧ್ಯಕ್ಷತೆಯ ಸಮಿತಿಯು 1993ರಲ್ಲಿ ಶಾಲಾ ಚೀಲದ ಭಾರದ ಬಗ್ಗೆ ವರದಿ ಕೊಡುವಾಗ, ಪುಸ್ತಕಗಳ ತೂಕಕ್ಕಿಂತ ಅರ್ಥವಾಗದಿರುವಿಕೆಯ ಹೊರೆ ಹೆಚ್ಚು ಕ್ರೂರವಾದದ್ದು ಎಂಬ ಅರ್ಥದ ಮಾತನ್ನು ಹೇಳಿತ್ತು. ಆ ಹೊರೆ ಪ್ರೌಢಶಾಲೆಯಲ್ಲಿ ಇಂದಿಗೂ ಇಳಿದಿಲ್ಲ.

ಇನ್ನು ಅರವತ್ತು ಮಕ್ಕಳ ತರಗತಿಯಲ್ಲಿ ಪ್ರಶ್ನೆಯ ಮೂಲಕ ಪಾಠ ನಡೆಸುವುದು ಹೇಗೆ ಎಂಬುದಕ್ಕೆ ಬರೋಣ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಎರಿಕ್ ಮಜೂರ್ ಎಂಬ ಪ್ರಾಧ್ಯಾಪಕರು 1990ರ ಸುಮಾರಿಗೆ ಒಂದು ವಿಚಿತ್ರವನ್ನು ಗಮನಿಸಿದರು. ಅವರ ವಿದ್ಯಾರ್ಥಿಗಳು ಸೂತ್ರ ಹಾಕಿ ಮಾಡುವ ಕಠಿಣ ಲೆಕ್ಕಗಳನ್ನು ಸರಾಗವಾಗಿ ಬಿಡಿಸುತ್ತಿದ್ದರು. ಅದೇ ತತ್ವದ ಮೇಲೆ ಸರಳ ಮಾತಿನಲ್ಲಿ ಪ್ರಶ್ನೆ ಕೇಳಿದರೆ ಎಡವುತ್ತಿದ್ದರು. ಆಮೇಲೆ ಅವರು ಉಪನ್ಯಾಸವನ್ನು ತುಂಡರಿಸಿದರು. ಸ್ವಲ್ಪ ಹೊತ್ತು ವಿವರಣೆ, ನಂತರ ನಾಲ್ಕು ಆಯ್ಕೆಗಳ ಒಂದು ಪ್ರಶ್ನೆ; ಪ್ರತಿಯೊಬ್ಬರೂ ಯಾರನ್ನೂ ಕೇಳದೆ ತಮ್ಮ ಉತ್ತರವನ್ನು ಆರಿಸಬೇಕು; ಬಳಿಕ ಬೇರೆ ಉತ್ತರ ಆರಿಸಿದ ಪಕ್ಕದವರೊಡನೆ ವಾದಿಸಿ ಮತ್ತೊಮ್ಮೆ ಆರಿಸಬೇಕು; ವಿವರಣೆ ಬರುವುದು ಕೊನೆಯಲ್ಲಿ. ಇದಕ್ಕೆ ಯಂತ್ರ ಬೇಕಿಲ್ಲ. ಹಳೆಯ ಮದುವೆ ಪತ್ರಿಕೆಗಳ ಹಿಂಬದಿಯಲ್ಲಿ ಎ, ಬಿ, ಸಿ, ಡಿ ಎಂದು ದಪ್ಪಕ್ಷರದಲ್ಲಿ ಬರೆಸಿಟ್ಟರೆ ಅರವತ್ತು ಮಕ್ಕಳ ಉತ್ತರವೂ ಒಂದೇ ನೋಟದಲ್ಲಿ ಕಾಣುತ್ತದೆ.

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠವನ್ನೇ ತೆಗೆದುಕೊಳ್ಳಿ. 220 ವೋಲ್ಟಿಗೆಂದು ಮಾಡಿದ 60 ವ್ಯಾಟಿನ ಒಂದು ತಂತು ಬಲ್ಬು, 100 ವ್ಯಾಟಿನ ಇನ್ನೊಂದು. ಎರಡನ್ನೂ ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಪ್ರಕಾಶಮಾನವಾಗಿ ಉರಿಯುತ್ತದೆ ಎಂದು ಕೇಳಿ. ಬಹುತೇಕ ಕೈಗಳು 100 ವ್ಯಾಟಿನ ಕಡೆಗೇ ಏಳುತ್ತವೆ. ಸೂತ್ರ ಗೊತ್ತಿರುವ ಮಕ್ಕಳೂ ಅದನ್ನೇ ಹೇಳುತ್ತಾರೆ. ಲೆಕ್ಕ ಹಾಕಿದರೆ 60 ವ್ಯಾಟಿನ ಬಲ್ಬಿನ ರೋಧ ಸುಮಾರು 807 ಓಮ್, 100 ವ್ಯಾಟಿನದು 484 ಓಮ್. ಸರಣಿಯಲ್ಲಿ ಎರಡರಲ್ಲೂ ಹರಿಯುವ ವಿದ್ಯುತ್ ಪ್ರವಾಹ ಒಂದೇ ಆದ್ದರಿಂದ ಹೆಚ್ಚು ರೋಧವಿರುವ 60 ವ್ಯಾಟಿನ ಬಲ್ಬೇ ಹೆಚ್ಚು ಬೆಳಗುತ್ತದೆ. ಈ ಉತ್ತರವನ್ನು ನೀವೇ ಹೇಳಿಬಿಟ್ಟರೆ ಅದು ಇನ್ನೊಂದು ನೋಟ್ಸ್ ಆಗುತ್ತದೆ. ಮಕ್ಕಳು ಪರಸ್ಪರ ವಾದಿಸಿ ಅಲ್ಲಿಗೆ ತಲುಪಿದರೆ ಅದು ಅವರದೇ ತಿಳಿವಳಿಕೆಯಾಗುತ್ತದೆ. (ಇದನ್ನು ಮನೆಯ ವಿದ್ಯುತ್ತಿನಿಂದ ಮಾಡಿ ತೋರಿಸಲು ಹೋಗಬೇಡಿ; ಬೇರೆ ಬೇರೆ ವ್ಯಾಟಿನ ಟಾರ್ಚ್ ಬಲ್ಬುಗಳೂ ನಾಲ್ಕು ಸೆಲ್ಲುಗಳೂ ಸಾಕು.) ಪ್ರಶ್ನೆಯನ್ನು ಆರಿಸುವಾಗ ಒಂದು ಎಚ್ಚರ ಬೇಕು: ಎಲ್ಲರಿಗೂ ಉತ್ತರ ಗೊತ್ತಿದ್ದರೆ ಚರ್ಚೆ ವ್ಯರ್ಥ, ಯಾರಿಗೂ ಗೊತ್ತಿಲ್ಲದಿದ್ದರೆ ಅಜ್ಞಾನವೇ ಹರಡುತ್ತದೆ. ಮೊದಲ ಸುತ್ತಿನಲ್ಲಿ ಮೂರನೆಯ ಒಂದು ಭಾಗದಿಂದ ಮೂರನೆಯ ಎರಡು ಭಾಗದಷ್ಟು ಮಕ್ಕಳು ಸರಿ ಹೇಳುವಂಥ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ. ವಾರಕ್ಕೆ ಇಂಥ ಎರಡು ಸಿಕ್ಕರೂ ವರ್ಷದ ಕೊನೆಗೆ ನಿಮ್ಮ ಬಳಿ ಒಂದು ಒಳ್ಳೆಯ ಸಂಗ್ರಹವಿರುತ್ತದೆ. ಅದನ್ನು ಪಕ್ಕದ ಶಾಲೆಯ ಶಿಕ್ಷಕರೊಡನೆ ಹಂಚಿಕೊಂಡರೆ ಸಂಗ್ರಹ ಇಮ್ಮಡಿಯಾಗುತ್ತದೆ.

ಗಣಿತದಲ್ಲಿ ನಿಮಗೆ ಇನ್ನೂ ಹೆಚ್ಚಿನ ಅನುಕೂಲವಿದೆ, ಏಕೆಂದರೆ ಬದುಕಿನ ಲೆಕ್ಕಗಳು ಮಕ್ಕಳ ಮನೆಯಲ್ಲೇ ಬಿದ್ದಿರುತ್ತವೆ. ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಗೆ ಬಂದಾಗ 200 ಯೂನಿಟ್ ಉಚಿತ ಎಂಬ ಒಂದೇ ಮಾತು ಊರೂರಿಗೆ ಹಬ್ಬಿತು. ಬಿಲ್ಲು ಬಂದಾಗ ಅನೇಕರು ಗೊಂದಲಕ್ಕೆ ಬಿದ್ದರು. ಯೋಜನೆಯ ಮೂಲ ನಿಯಮದಂತೆ, 2022–23ರಲ್ಲಿ ಆ ಮನೆ ಬಳಸಿದ ಮಾಸಿಕ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿದರೆ ಬರುವಷ್ಟು ಮಾತ್ರ, ಅದೂ 200ರ ಮಿತಿಯೊಳಗೆ, ಉಚಿತ. ಸರಾಸರಿ 80 ಯೂನಿಟ್ ಬಳಸಿದ ಮನೆಗೆ 88 ಉಚಿತ. ಆ ಮನೆ ಒಂದು ತಿಂಗಳು 110 ಬಳಸಿದರೆ 22 ಯೂನಿಟ್ಟಿಗೆ ಹಣ ಕಟ್ಟಬೇಕು. 205 ಬಳಸಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮಕ್ಕಳು ತಮ್ಮ ಮನೆಯ ಬಿಲ್ಲುಗಳನ್ನು ತಂದು, ನಿಯಮವನ್ನು ತಾವೇ ಓದಿ, ತಮ್ಮ ಮಿತಿ ಎಷ್ಟೆಂದು ಕಂಡುಹಿಡಿಯಲಿ. ಸರಾಸರಿ, ಶೇಕಡಾವಾರು, ಷರತ್ತುಗಳಿರುವ ಲೆಕ್ಕ, ಸರ್ಕಾರಿ ಬರಹದ ಓದು, ಇಷ್ಟೂ ಒಂದೇ ಪೀರಿಯಡ್‌ನಲ್ಲಿ ಬಂದುಬಿಡುತ್ತವೆ. 199 ಯೂನಿಟ್ಟಿಗೂ 201 ಯೂನಿಟ್ಟಿಗೂ ಇರುವ ಈ ಭಾರಿ ಅಂತರ ನ್ಯಾಯವೇ ಎಂದು ಯಾರಾದರೂ ಕೇಳಿದರೆ ಆ ಚರ್ಚೆಯನ್ನು ತಡೆಯಬೇಡಿ.

ಬಡ್ಡಿಯ ಪಾಠ ಇದಕ್ಕಿಂತಲೂ ಮುಖ್ಯವಾದುದು. ಪುಸ್ತಕದಲ್ಲಿ ಸರಳ ಬಡ್ಡಿ, ಚಕ್ರಬಡ್ಡಿ ಎಂದು ಕಲಿತ ಮಗು ತನ್ನ ತಾಯಿ ಕಟ್ಟುವ ವಾರದ ಅಥವಾ ತಿಂಗಳ ಕಂತಿನಲ್ಲಿ ಎಷ್ಟು ಬಡ್ಡಿ ಅಡಗಿದೆ ಎಂದು ಹೇಳಲಾರದು. ಹತ್ತು ಸಾವಿರ ರೂಪಾಯಿ ಸಾಲ, ಪೂರ್ತಿ ಮೊತ್ತದ ಮೇಲೆ ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿ, ಹನ್ನೆರಡು ಸಮಾನ ಕಂತುಗಳು ಎಂದು ಹಲಗೆಯ ಮೇಲೆ ಬರೆಯಿರಿ. ಒಟ್ಟು ಕಟ್ಟುವುದು 11,000 ರೂಪಾಯಿ, ತಿಂಗಳಿಗೆ ಸುಮಾರು 917. ಕೇಳಲು ಅಗ್ಗವೆನಿಸುತ್ತದೆ. ಆದರೆ ಮೊದಲ ಕಂತಿನಿಂದಲೇ ಅಸಲು ಕರಗುತ್ತ ಹೋಗುವುದರಿಂದ ಸಾಲಗಾರರ ಕೈಯಲ್ಲಿ ವರ್ಷವಿಡೀ ಹತ್ತು ಸಾವಿರ ಇರುವುದೇ ಇಲ್ಲ. ಸರಾಸರಿ ತೆಗೆದರೆ ಇದ್ದದ್ದು ಸುಮಾರು 5,500. ಅಷ್ಟು ಹಣಕ್ಕೆ 1,000 ರೂಪಾಯಿ ಬಡ್ಡಿಯೆಂದರೆ ನಿಜವಾದ ದರ ನೂರಕ್ಕೆ 18ರ ಆಸುಪಾಸು. ಕಿರುಸಾಲದ ವಸೂಲಿಯಲ್ಲಿ ನಡೆಯುವ ಕಿರುಕುಳವನ್ನು ತಡೆಯಲು ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಮನೆಗಳ ಮಕ್ಕಳು ನಿಮ್ಮ ತರಗತಿಯಲ್ಲಿ ಇರಬಹುದು. ಆದ್ದರಿಂದ ಮನೆಯ ಸಾಲದ ವಿವರವನ್ನು ತರಗತಿಯಲ್ಲಿ ಎಲ್ಲರ ಮುಂದೆ ಕೇಳಕೂಡದು. ಹಲಗೆಯ ಮೇಲಿನ ಕಾಲ್ಪನಿಕ ಸಾಲವೇ ಸಾಕು, ಬೇಕಾದವರು ಮನೆಗೆ ಹೋಗಿ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಒಟಿಪಿ ಕೇಳುವ ಕರೆ, ಡಿಜಿಟಲ್ ಅರೆಸ್ಟ್ ಎಂಬ ಬೆದರಿಕೆ, ಸೈಬರ್ ವಂಚನೆಗೆ ದೂರು ಕೊಡುವ 1930 ಸಂಖ್ಯೆಯ ಸಹಾಯವಾಣಿ ಇವನ್ನೂ ಹೀಗೆಯೇ, ಪ್ರತ್ಯೇಕ ಉಪನ್ಯಾಸವಿಲ್ಲದೆ, ಪಾಠದ ನಡುವೆ ತರಬಹುದು.

ಈಗ ಕೃತಕ ಬುದ್ಧಿಮತ್ತೆ. ಚಾಟ್‌ಜಿಪಿಟಿ 2022ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ಸಿಕ್ಕ ಮೇಲೆ ಮನೆಯಲ್ಲಿ ಬರೆದು ತರುವ ಪ್ರಬಂಧವೂ ಪ್ರಾಜೆಕ್ಟೂ ಮಗುವಿನ ತಿಳಿವಳಿಕೆಗೆ ಸಾಕ್ಷಿಯಾಗುವುದು ನಿಂತುಹೋಯಿತು. ನಿಜ ಹೇಳಬೇಕೆಂದರೆ ಅದಕ್ಕೂ ಮೊದಲು ಅವು ಅಷ್ಟೇನೂ ಸಾಕ್ಷಿಯಾಗಿರಲಿಲ್ಲ. ಪೇಟೆಯ ಅಂಗಡಿಯಲ್ಲಿ ಮಾರುವ ಚಾರ್ಟು, ಅಣ್ಣನ ಹಳೆಯ ಪ್ರಾಜೆಕ್ಟ್ ಪುಸ್ತಕ, ಗೈಡಿನ ಪುಟಗಳೇ ಹೊಸ ಹೊದಿಕೆಯಲ್ಲಿ ಬರುತ್ತಿದ್ದವು. ನಿಷೇಧದಿಂದ ಪ್ರಯೋಜನವಿಲ್ಲ, ಕಂಡೂ ಕಾಣದಂತಿರುವುದೂ ಸರಿಯಲ್ಲ. ನನ್ನ ಸಲಹೆಯೆಂದರೆ ಪ್ರಾಜೆಕ್ಟಿನ ವಿಷಯವನ್ನೇ ಬದಲಿಸಿ. ‘ನೀರಿನ ಮಹತ್ವ’ ಎಂದು ಕೊಟ್ಟರೆ ಯಂತ್ರ ಎರಡು ಕ್ಷಣದಲ್ಲಿ ಬರೆಯುತ್ತದೆ. ನಮ್ಮ ಊರಿನಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಕೊರೆಸಿದ ಬೋರ್‌ವೆಲ್‌ಗಳಲ್ಲಿ ನೀರು ಎಷ್ಟು ಅಡಿಗೆ ಸಿಕ್ಕಿತು, ಯಾವುವು ಬತ್ತಿದವು ಎಂದು ಐದು ಮನೆಗಳಲ್ಲಿ ಕೇಳಿ ಕೋಷ್ಟಕ ಮಾಡು ಎಂದರೆ ಆ ಮಾಹಿತಿ ಅಂತರ್ಜಾಲದಲ್ಲಿ ಎಲ್ಲಿಯೂ ಇಲ್ಲ, ಮಗು ಊರಿನವರ ಬಳಿಗೇ ಹೋಗಬೇಕು. ಬರೆದು ತಂದ ಮೇಲೆ ಮೂರು ನಿಮಿಷ ಬಾಯಿಮಾತಿನಲ್ಲಿ ಪ್ರಶ್ನಿಸಿ. ಯಂತ್ರದ ಸಹಾಯ ಪಡೆದಿದ್ದರೆ ಎಲ್ಲಿ ಪಡೆದೆ ಎಂದು ಬರೆಯುವುದನ್ನು ಕಡ್ಡಾಯಗೊಳಿಸಿ, ಪಡೆದದ್ದಕ್ಕೆ ಶಿಕ್ಷೆ ಕೊಡಬೇಡಿ.

ಇದರ ಜೊತೆಗೆ ಯಂತ್ರದ ಉತ್ತರವನ್ನೇ ಪಾಠದ ಸಾಮಗ್ರಿಯಾಗಿಸಿಕೊಳ್ಳಬಹುದು. ನಿಮ್ಮ ಫೋನಿನಲ್ಲಿ ದ್ಯುತಿಸಂಶ್ಲೇಷಣೆಯ ಬಗ್ಗೆಯೋ ನಿಮ್ಮ ತಾಲ್ಲೂಕಿನ ಬೆಳೆಗಳ ಬಗ್ಗೆಯೋ ಒಂದು ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಹಲಗೆಯ ಮೇಲೆ ಬರೆದು, ಇದರಲ್ಲಿ ಯಾವ ವಾಕ್ಯ ಸರಿ, ಯಾವುದು ತಪ್ಪು, ಯಾವುದನ್ನು ಪರೀಕ್ಷಿಸದೆ ನಂಬಲಾಗದು ಎಂದು ವಿಂಗಡಿಸಲು ಹೇಳಿ. ಸ್ಥಳೀಯ ಸಂಗತಿಗಳಲ್ಲಿ ಈ ಯಂತ್ರಗಳು ತೋರುವ ಆತ್ಮವಿಶ್ವಾಸಕ್ಕೂ ಅವುಗಳ ಅರಿವಿಗೂ ಇರುವ ಅಂತರವನ್ನು ಮಕ್ಕಳು ಬಹಳ ಬೇಗ ಹಿಡಿಯುತ್ತಾರೆ. ತಮ್ಮ ಊರಿನ ವಿಷಯದಲ್ಲಿ ತಾವೇ ಬಲ್ಲವರು ಎಂಬ ಧೈರ್ಯವೂ ಅವರಿಗೆ ಬರುತ್ತದೆ. ಮಕ್ಕಳ ಹೆಸರು, ಫೋಟೋ, ಅಂಕಪಟ್ಟಿಗಳನ್ನು ಮಾತ್ರ ಇಂಥ ಆ್ಯಪ್‌ಗಳಿಗೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟರೊಳಗಿನ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ಹೀಗೆಲ್ಲ ಮಾಡಿದರೆ ಫಲಿತಾಂಶ ಕುಸಿಯುವುದಿಲ್ಲವೇ ಎಂಬ ನಿಮ್ಮ ಆತಂಕ ಸಹಜವಾದುದು, ಅದನ್ನು ಹಗುರವಾಗಿ ಕಾಣಲಾರೆ. ಎಸ್‌ಎಸ್‌ಎಲ್‌ಸಿ ಎಂಬುದು ಬಡ ಮನೆಯ ಮಗುವಿಗೆ, ಅದರಲ್ಲೂ ಹೆಣ್ಣುಮಗುವಿಗೆ, ಓದು ಮುಂದುವರಿಸಲು ಸಿಗುವ ಅಧಿಕೃತ ರಹದಾರಿ. ಅದನ್ನು ಬಿಟ್ಟು ಕೌಶಲದ ಮಾತಾಡುವವರು ತಮ್ಮ ಮಕ್ಕಳನ್ನು ಹಾಗೆ ಬಿಟ್ಟವರಲ್ಲ. ಹಾಗಾಗಿ ಹಿಂದುಳಿದವರಿಗೆ ಪಾಸಾಗಲು ಬೇಕಾದಷ್ಟನ್ನೇ ಆಯ್ದು ಕಲಿಸುವ ಪಾಸಿಂಗ್ ಪ್ಯಾಕೇಜ್ ಕೊಡುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ ಅದು ಜನವರಿಯ ಕೆಲಸವಾಗಬೇಕೇ ಹೊರತು ಜೂನಿನಿಂದಲೇ ನಡೆಯುವ ಪಠ್ಯವಾಗಬಾರದು. ವಿಜ್ಞಾನ, ಗಣಿತಗಳಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಆ 20 ಅಂಕಗಳನ್ನು ಎಲ್ಲರಿಗೂ ಹೆಚ್ಚುಕಡಿಮೆ ಪೂರ್ತಿ ಹಾಕಿಬಿಡುವ ಪದ್ಧತಿ ಎಷ್ಟೋ ಕಡೆ ಬೆಳೆದಿದೆ. ಮಕ್ಕಳ ಹಿತದೃಷ್ಟಿಯಿಂದಲೇ ಹಾಗೆ ಮಾಡುತ್ತೇವೆಂದು ಹೇಳಿಕೊಂಡರೂ, ಪ್ರಶ್ನೆ ಕೇಳುವುದನ್ನೂ ಅಳೆದು ನೋಡುವುದನ್ನೂ ಗುಂಪಿನಲ್ಲಿ ಕೆಲಸ ಮಾಡುವುದನ್ನೂ ಅಂಕದ ಒಳಗೆ ತರಲು ವ್ಯವಸ್ಥೆ ನಮಗೆ ಕೊಟ್ಟ ಏಕೈಕ ಜಾಗವನ್ನು ನಾವೇ ಬಿಟ್ಟುಕೊಟ್ಟಂತಾಗಿದೆ. ಬೋರ್‌ವೆಲ್ ಕೋಷ್ಟಕವೂ ವಿದ್ಯುತ್ ಬಿಲ್ಲಿನ ಲೆಕ್ಕವೂ ಈ 20ರೊಳಗೆ ನ್ಯಾಯವಾಗಿಯೇ ಕೂರುತ್ತವೆ.

ಕೌಶಲ ಶಿಕ್ಷಣದ ಬಗ್ಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕೈಕೆಲಸದ ಮೂಲಕ ಕಲಿಸಬೇಕೆಂಬ ಗಾಂಧೀಜಿಯವರ ನಯೀ ತಾಲೀಮ್ 1937ರ ವಾರ್ಧಾ ಸಮ್ಮೇಳನದಲ್ಲಿ ರೂಪುಗೊಂಡಿತು. ಅದು ಉದಾತ್ತವಾದ ವಿಚಾರ. ಆದರೆ 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ, ಆಗ ದಕ್ಷಿಣ ಕನ್ನಡವೂ ಅದೇ ರಾಜ್ಯದಲ್ಲಿತ್ತು, ರಾಜಾಜಿಯವರ ಸರ್ಕಾರ ಹಳ್ಳಿಯ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಅರ್ಧ ದಿನ ಮಾತ್ರ ಪಾಠವಿಟ್ಟು ಉಳಿದ ವೇಳೆ ಮನೆಯ ಕಸುಬು ಕಲಿಯಲಿ ಎಂದಾಗ, ಜಾತಿಯ ಕಸುಬಿಗೇ ಮಕ್ಕಳನ್ನು ಕಟ್ಟಿಹಾಕುವ ಯೋಜನೆ ಇದೆಂದು ಭಾರಿ ವಿರೋಧ ಎದ್ದಿತು, ಮರುವರ್ಷ ಅದನ್ನು ಹಿಂತೆಗೆದುಕೊಳ್ಳಲಾಯಿತು. ಇಂದು ಆಯ್ದ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದ, ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಾದ ಎನ್‌ಎಸ್‌ಕ್ಯೂಎಫ್ ಅಡಿಯಲ್ಲಿ ಐಟಿ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮುಂತಾದ ವಿಷಯಗಳಿವೆ, ಉಪಯುಕ್ತವೂ ಹೌದು. ನಿಮ್ಮ ಶಾಲೆಯಲ್ಲಿ ಅವು ಇದ್ದರೆ ‘ಗಣಿತ ಬಾರದವರು ಅಲ್ಲಿಗೆ ಹೋಗಲಿ, ಹುಡುಗಿಯರು ಬ್ಯೂಟಿಗೆ ಹೋಗಲಿ’ ಎಂಬ ಮಾತು ಸಿಬ್ಬಂದಿ ಕೊಠಡಿಯಲ್ಲಿ ಕೇಳಿಬಂದ ದಿನವೇ ಅದನ್ನು ಪ್ರಶ್ನಿಸಿ. ತರಗತಿಯ ಅತ್ಯುತ್ತಮ ವಿದ್ಯಾರ್ಥಿಯೂ ಸ್ವಿಚ್‌ಬೋರ್ಡ್ ಬಿಚ್ಚಲು ಕಲಿಯಬೇಕು, ಹಿಂದುಳಿದ ವಿದ್ಯಾರ್ಥಿಯೂ ಬೀಜಗಣಿತದ ತರಗತಿಯಲ್ಲಿ ಕೂರಬೇಕು.

ಸರ್ಕಾರಿ ಶಾಲೆಯಲ್ಲಿ ಇದೆಲ್ಲ ನಡೆಯುವ ಮಾತೇ ಎನ್ನುವವರಿಗೆ ನಮ್ಮ ರಾಜ್ಯದ ನಲಿ-ಕಲಿಯನ್ನು ತೋರಿಸಬಹುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು, ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಲಿಕಾ ಏಣಿ, ಕಾರ್ಡುಗಳು, ಮೈಲಿಗಲ್ಲುಗಳನ್ನು ತಾವೇ ಸಿದ್ಧಪಡಿಸಿಕೊಂಡರು. ಮಗು ತನ್ನ ವೇಗದಲ್ಲಿ ಏರುವ ಆ ವಿಧಾನ ಮುಂದೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಗಳಿಗೆ ವಿಸ್ತರಿಸಿತು. ಶಿಕ್ಷಕರೇ ಸಾಮಗ್ರಿ ಮಾಡಿದಷ್ಟು ಕಾಲ ಅದರಲ್ಲಿ ಜೀವವಿತ್ತು. ಮೇಲಿನಿಂದ ಕಾರ್ಡುಗಳು ಬರತೊಡಗಿದ ಮೇಲೆ ಹಲವೆಡೆ ಅದೂ ಒಂದು ವಿಧಿಯಾಯಿತು ಎಂಬುದು ನನ್ನ ಅನಿಸಿಕೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ನೆಲದ ಮೇಲೆ ವೃತ್ತದಲ್ಲಿ ಕೂತು ಕಲಿತ ಮಗು ನಾಲ್ಕನೆಯ ತರಗತಿಗೆ ಬಂದ ಕೂಡಲೇ ಸಾಲು ಬೆಂಚಿಗೆ ಮರಳುತ್ತದೆ, ಪ್ರೌಢಶಾಲೆಗೆ ಬರುವ ಹೊತ್ತಿಗೆ ಬಾಯಿ ಕಟ್ಟಿಕೊಂಡಿರುತ್ತದೆ.

ಆ ಬಾಯಿ ಬಿಡಿಸಲು ಸಮಯ ಹಿಡಿಯುತ್ತದೆ. ಮೊದಲ ತಿಂಗಳು ಮಕ್ಕಳು ಎ, ಬಿ, ಸಿ, ಡಿ ಕಾರ್ಡು ಎತ್ತುವಾಗ ಪಕ್ಕದವರನ್ನು ನೋಡುತ್ತಾರೆ, ಚರ್ಚಿಸಿ ಎಂದರೆ ಸುಮ್ಮನಿರುತ್ತಾರೆ ಅಥವಾ ಗದ್ದಲ ಮಾಡುತ್ತಾರೆ. ತಪ್ಪು ಉತ್ತರಕ್ಕೆ ನಗುವವರನ್ನು ತಡೆಯುವುದು ಆ ತಿಂಗಳಲ್ಲಿ ನಿಮ್ಮ ಮುಖ್ಯ ಕೆಲಸ. ಗದ್ದಲದ ಬಗ್ಗೆ ಮುಖ್ಯೋಪಾಧ್ಯಾಯರಿಗೆ ಮೊದಲೇ ತಿಳಿಸಿ, ಸಾಧ್ಯವಾದರೆ ಒಂದು ಪೀರಿಯಡ್‌ಗೆ ಅವರನ್ನೇ ಕರೆದು ಕೂರಿಸಿ. ಪೋಷಕರಿಗೆ ಶಾಲಾ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ವಿದ್ಯುತ್ ಬಿಲ್ಲಿನ ಲೆಕ್ಕವನ್ನು ಮಕ್ಕಳಿಂದಲೇ ಹೇಳಿಸಿ. ಎರಡೂ ತರಗತಿಗಳಲ್ಲಿ ಒಟ್ಟಿಗೆ ಆರಂಭಿಸಬೇಡಿ. ಪರೀಕ್ಷೆಯ ಒತ್ತಡ ಕಡಿಮೆಯಿರುವ ಒಂಬತ್ತನೆಯ ತರಗತಿಯನ್ನು ಆರಿಸಿ, ಒಂದು ಘಟಕಕ್ಕೆ ಮಾತ್ರ ಎರಡು ಒಳ್ಳೆಯ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡು, ಆ ಘಟಕದ ರೂಪಣಾತ್ಮಕ ಮೌಲ್ಯಮಾಪನದ (ವರ್ಷದ ನಡುವಿನ ಕಿರುಪರೀಕ್ಷೆಯ) ಅಂಕಗಳನ್ನು ಹಿಂದಿನ ಘಟಕದ ಅಂಕಗಳ ಪಕ್ಕದಲ್ಲಿಟ್ಟು ನೋಡಿ. ಅಂಕ ಇಳಿದಿದ್ದರೆ ಮೊದಲು ಪ್ರಶ್ನೆಗಳನ್ನು ಪರಿಶೀಲಿಸಿ, ಅವು ತೀರಾ ಕಠಿಣವಾಗಿದ್ದಿರಬಹುದು. ಇಳಿಯದಿದ್ದರೆ ಮುಂದಿನ ಘಟಕಕ್ಕೂ ಹಾಗೆಯೇ ಮಾಡಿ. ಮರುವರ್ಷ ಅದೇ ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ಕಾರ್ಡು ಎತ್ತುವುದನ್ನು ನೀವು ಹೇಳಿಕೊಡಬೇಕಾಗುವುದಿಲ್ಲ.